ಎಕ್ಕ-ಒಂಬತ್ತು ಕೆಟ್ಟಿದ್ದೆಲ್ಲಿ: ಟೂರ್ನಮೆಂಟ್ ಪೋಕರ್‌ನಲ್ಲಿ ಇವಿ (ಸರಾಸರಿ ಲಾಭ-ನಷ್ಟದ ಲೆಕ್ಕ) ತಪ್ಪು ಹುಡುಕುವ ಬಗೆ

ದೂರು ಯಾವಾಗಲೂ ಒಂದೇ ರೀತಿ ಇರುತ್ತದೆ. "ಬಹುಮಾನದ ಬಾಗಿಲ ತನಕ ಬರ್ತೀನಿ. ಅಲ್ಲಿ ಒಳ್ಳೆ ಎಲೆ ಇಟ್ಟುಕೊಂಡೇ ಔಟ್ ಆಗ್ತೀನಿ. ನನ್ನ ನಸೀಬೇ ಸರಿ ಇಲ್ಲ." ನಾನೂ ಈ ಮಾತನ್ನು ತುಂಬಾ ದಿನ ಹೇಳಿಕೊಂಡು ಓಡಾಡಿದವನು. ಆ ದೂರನ್ನು ಬಿಚ್ಚಿ ನೋಡುವುದಕ್ಕೆ ಈ ಬರಹ. ಪಂಪ್‌ಸೆಟ್ ನೀರು ಎತ್ತದಿದ್ದರೆ ಮೊದಲು ಕರೆಂಟ್ ಇದೆಯಾ, ಆಮೇಲೆ ಫುಟ್‌ವಾಲ್ವ್ ಸರಿ ಇದೆಯಾ, ಆಮೇಲೆ ಬಾವಿಯಲ್ಲಿ ನೀರಿದೆಯಾ ಅಂತ ಒಂದೊಂದೇ ನೋಡುತ್ತೇವಲ್ಲ, ಇಲ್ಲೂ ಹಾಗೆಯೇ ಹೋಗೋಣ.

ಮೊದಲು ನನ್ನದೇ ಕೇಸ್.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಲೈಸೆನ್ಸ್ ಇರುವ ಕಾರ್ಡ್ ರೂಮ್‌ಗಳಲ್ಲಿ ಪೋಕರ್ ಆಡಬಹುದು. ಒಂದು ಶುಕ್ರವಾರ ಸಂಜೆ, ಹತ್ತು ಜನರ ಒಂದೇ ಮೇಜಿನ ಟೂರ್ನಮೆಂಟ್. ತಲಾ 100 ಡಾಲರ್, ತಲಾ 1000 ಚಿಪ್ಸ್. ಮೊದಲ ಬಹುಮಾನ 500, ಎರಡನೆಯದು 300, ಮೂರನೆಯದು 200. ನಾಲ್ಕು ಜನ ಉಳಿದಿದ್ದೆವು. ಮುಂದೆ ಔಟ್ ಆಗುವವನಿಗೆ ಏನೂ ಇಲ್ಲ, ಉಳಿದ ಮೂವರಿಗೂ ದುಡ್ಡು. ಇದನ್ನೇ ಬಬಲ್ ಅನ್ನುವುದು. ನಾಲ್ವರ ಹತ್ತಿರವೂ ಹೆಚ್ಚುಕಮ್ಮಿ 2500 ಚಿಪ್ಸ್ ಇತ್ತು. ಲೆಕ್ಕ ಸುಲಭವಾಗಲಿ ಅಂತ ಸರಿಯಾಗಿ 2500 ಅಂತಲೇ ಇಟ್ಟುಕೊಳ್ಳುತ್ತೇನೆ.

ಬ್ಲೈಂಡ್ 100-200. ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಹಾಕಲೇಬೇಕಾದ ಚಿಪ್ಸ್, ಸ್ಮಾಲ್ ಬ್ಲೈಂಡ್ 100, ಬಿಗ್ ಬ್ಲೈಂಡ್ 200. ನಾನು ಬಿಗ್ ಬ್ಲೈಂಡ್, 200 ಆಗಲೇ ಒಳಗೆ. ಮೊದಲ ಇಬ್ಬರು ಎಲೆ ಬಿಟ್ಟರು. ಸ್ಮಾಲ್ ಬ್ಲೈಂಡ್‌ನಲ್ಲಿದ್ದವನು ಒಂದು ಮಾತೂ ಆಡದೆ ಎರಡೂ ಕೈಯಲ್ಲಿ ಚಿಪ್ಸ್ ಕಟ್ಟುಗಳನ್ನು ಮುಂದೆ ತಳ್ಳಿದ. ಆಲ್-ಇನ್, ಇದ್ದದ್ದೆಲ್ಲ ಒಳಗೆ. ನಾನು ಎಲೆಯ ಮೂಲೆ ಎತ್ತಿ ನೋಡಿದೆ. ಕಳಾವರ್ ಎಕ್ಕ, ಡೈಮಂಡ್ ಒಂಬತ್ತು. ಎರಡು ಸೆಕೆಂಡಿನಲ್ಲಿ ಕಾಲ್ ಅಂದೆ, ಅಂದರೆ ಅವನಷ್ಟೇ ಚಿಪ್ಸ್ ನಾನೂ ಹಾಕಿದೆ. ಅವನು ತೋರಿಸಿದ್ದು ರಾಜ-ಗುಲಾಮ. ನಾನು ಮುಂದಿದ್ದೆ. ಎಲ್ಲರಿಗೂ ಸೇರಿದ ಐದು ಎಲೆ ಮೇಜಿನ ಮೇಲೆ ಬೀಳುತ್ತವೆ, ಅದರಲ್ಲಿ ನಾಲ್ಕು ಬಿದ್ದರೂ ಮುಂದೆಯೇ ಇದ್ದೆ. ಐದನೆಯದು ಆಟೀನ್ ರಾಜ. ಅವನಿಗೆ ರಾಜ ಜೋಡಿ ಆಯಿತು, ನಾನು ಔಟ್.

ಆ ಕೊನೆಯ ರಾಜನ ಕತೆಯನ್ನು ಎರಡು ವಾರ ಕಂಡಕಂಡವರಿಗೆಲ್ಲ ಹೇಳಿದೆ. ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು, ರಾಜನ ತಪ್ಪು ಏನೂ ಇರಲಿಲ್ಲ.

ಇವಿ ಅಂದರೆ ರಮ್ಮಿಯ ಡ್ರಾಪ್

ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ, ಎಲ್ಲರೂ ಕರೆಯುವ ಹೆಸರು ಇವಿ. ಹೆಸರು ದೊಡ್ಡದು, ವಿಷಯ ನಮಗೆ ಗೊತ್ತಿರುವುದೇ. ಹದಿಮೂರು ಎಲೆಯ ರಮ್ಮಿ ಆಡಿದವರಿಗೆಲ್ಲ ಗೊತ್ತು, ಶುರುವಿನಲ್ಲೇ ಡ್ರಾಪ್ ಹೊಡೆದರೆ 20 ಪಾಯಿಂಟ್, ನಡುವೆ ಹೊಡೆದರೆ 40, ಸಿಕ್ಕಿಹಾಕಿಕೊಂಡರೆ 80. ಎಲೆ ಕೆಟ್ಟದಾಗಿದ್ದರೆ ನಮ್ಮ ದೊಡ್ಡವರು ಒಂದು ಮಾತೂ ಆಡದೆ ಡ್ರಾಪ್ ಅಂತಿದ್ದರು. ಅವರ ತಲೆಯಲ್ಲಿ ಓಡುತ್ತಿದ್ದದ್ದು ಇದೇ: ಈ ಎಲೆ ಇಟ್ಟುಕೊಂಡು ಆಡಿದರೆ ಕೆಲವು ಸಲ ಗೆಲ್ತೀನಿ, ಜಾಸ್ತಿ ಸಲ 40, 60, 80 ಹೋಗುತ್ತೆ. ಸರಾಸರಿ ಹಿಡಿದರೆ 35 ಹೋಗಬಹುದು. ಅದಕ್ಕಿಂತ 20 ಕೊಟ್ಟು ಎದ್ದರೆ 15 ಉಳೀತು.

ಇಷ್ಟೇ ಇವಿ. ಪ್ರತಿ ಫಲಿತಾಂಶದ ಬೆಲೆಯನ್ನು ಅದು ಬರುವ ಸಾಧ್ಯತೆಯಿಂದ ಗುಣಿಸಿ, ಎಲ್ಲ ಕೂಡಿಸಿ. ಎಲ್ಲ ದಾರಿಗೂ ಹಾಗೆ ಮಾಡಿ, ಯಾವುದು ಜಾಸ್ತಿ ಬರುತ್ತೋ ಅದನ್ನು ಹಿಡಿಯಿರಿ. ಡ್ರಾಪ್ ಮಾಡಿದರೂ 20 ಹೋಗುತ್ತೆ, ಆದರೂ ಅದೇ ಒಳ್ಳೆಯ ದಾರಿ ಆಗಬಹುದು. ಇದನ್ನು ನೆನಪಿಡಿ. ಮುಂದೆ ನಾವು ಹುಡುಕುವ ದೊಡ್ಡ ದೋಷ ಇಲ್ಲೇ ಕೂತಿದೆ.

ನನ್ನ ಅನುಭವ ಹೇಳುತ್ತೇನೆ. ಗುಣಾಕಾರದಲ್ಲಿ ತಪ್ಪುವವರು ಕಮ್ಮಿ. ತಪ್ಪುವುದು ಗುಣಾಕಾರಕ್ಕೆ ಹಾಕುವ ಅಂಕಿಯಲ್ಲಿ. ಸಾಧ್ಯತೆ ತಪ್ಪು ಹಾಕಿರುತ್ತೇವೆ, ಇಲ್ಲವೇ ಬೆಲೆ ತಪ್ಪು ಹಾಕಿರುತ್ತೇವೆ, ಇಲ್ಲವೇ ಎಲೆ ಬಿಡುವ ದಾರಿಗೆ ಸೊನ್ನೆ ಹಾಕಿರುತ್ತೇವೆ.

ಬಿಚ್ಚುವ ಮೊದಲು: ಇದು ದೋಷವೇ ಹೌದಾ?

ಎಷ್ಟೋ ಸಲ ಯಂತ್ರ ಸರಿಯಾಗಿಯೇ ಇರುತ್ತದೆ. ಎಕ್ಕ ಜೋಡಿ ರಾಜ ಜೋಡಿಯ ಎದುರು ಗೆಲ್ಲುವುದು ಸುಮಾರು 82 ಪರ್ಸೆಂಟ್. ಉಳಿದ 18 ಎಲ್ಲೂ ಹೋಗುವುದಿಲ್ಲ, ಅದೂ ಬಂದೇ ಬರುತ್ತದೆ. ಒಂದು ಟೂರ್ನಮೆಂಟ್‌ನಲ್ಲಿ ಐದು ಸಲ ಎಲ್ಲ ಚಿಪ್ಸ್ ಒಳಗೆ ಹಾಕಿದಿರಿ, ಐದೂ ಸಲ ನಿಮ್ಮದು 80 ಪರ್ಸೆಂಟ್ ಕೈ ಅಂತ ಇಟ್ಟುಕೊಳ್ಳಿ. ಐದನ್ನೂ ಗೆಲ್ಲುವ ಸಾಧ್ಯತೆ 33 ಪರ್ಸೆಂಟ್ ಮಾತ್ರ. ಒಂದು ತಪ್ಪೂ ಮಾಡದೆ ಮೂರರಲ್ಲಿ ಎರಡು ಸಲ ಹೊರಗೆ ಬರುತ್ತೀರಿ.

ಹಾಗಾಗಿ ಮೊದಲ ಪರೀಕ್ಷೆಗೆ ಒಂದು ನೋಟ್‌ಬುಕ್ ಬೇಕು. ಪ್ರತಿ ದೊಡ್ಡ ನಿರ್ಧಾರಕ್ಕೆ ಐದಾರು ಸಾಲು: ಬ್ಲೈಂಡ್ ಎಷ್ಟು, ನನ್ನ ಚಿಪ್ಸ್ ಎಷ್ಟು, ಉಳಿದವರದು ಎಷ್ಟು, ಎಷ್ಟು ಜನ ಇದ್ದಾರೆ, ಎಷ್ಟು ಜನರಿಗೆ ದುಡ್ಡು, ಯಾರು ಏನು ಮಾಡಿದರು, ಎದುರಿನವನ ಹತ್ತಿರ ಏನಿರಬಹುದು ಅಂದುಕೊಂಡೆ. ಕೊನೆಗೆ ಏನಾಯಿತು ಅನ್ನುವುದನ್ನು ಹಾಳೆಯ ತೀರಾ ಕೆಳಗೆ ಬರೆಯಿರಿ. ಮನೆಗೆ ಬಂದು ನೋಡುವಾಗ ಆ ಕೊನೆಯ ಸಾಲನ್ನು ಅಂಗೈಯಿಂದ ಮುಚ್ಚಿ. ನಿಜವಾಗಿಯೂ ಮುಚ್ಚಿ. ಅದು ಕಣ್ಣಿಗೆ ಬಿದ್ದರೆ ಮನಸ್ಸು ಸೋತ ಕೈಗಳಲ್ಲಿ ಮಾತ್ರ ತಪ್ಪು ಹುಡುಕುತ್ತದೆ, ಗೆದ್ದ ಕೈಗಳಲ್ಲಿರುವ ತಪ್ಪು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ನನ್ನ ಎಕ್ಕ-ಒಂಬತ್ತು ಆ ದಿನ ಗೆದ್ದಿದ್ದರೆ ನಾನು ಇವತ್ತಿಗೂ ಹಾಗೇ ಕಾಲ್ ಮಾಡುತ್ತಿದ್ದೆ.

ಇನ್ನೊಂದು ಜಾಗ ಮೊದಲೇ ನೋಡಿಬಿಡಿ, ಪ್ರವೇಶ ಶುಲ್ಕ. 100 ಡಾಲರ್ ಬಹುಮಾನಕ್ಕೆ, 20 ಡಾಲರ್ ನಡೆಸುವವರಿಗೆ ಅಂತಿದ್ದರೆ, ಸರಾಸರಿ ಆಟಗಾರ ಕುರ್ಚಿಯಲ್ಲಿ ಕೂರುವ ಮೊದಲೇ 20 ಕಳೆದುಕೊಂಡಿದ್ದಾನೆ. ಉಳಿದವರಿಗಿಂತ ಒಂದಿಷ್ಟು ಚೆನ್ನಾಗಿ ಆಡಿದರೂ ಲೆಕ್ಕ ಮೈನಸ್‌ನಲ್ಲೇ ಇರಬಹುದು. ಅಂಥ ಕಡೆ ಎಲೆಯ ಲೆಕ್ಕವನ್ನು ಎಷ್ಟು ರಿಪೇರಿ ಮಾಡಿದರೂ ಪ್ರಯೋಜನ ಕಮ್ಮಿ, ಟೂರ್ನಮೆಂಟ್ ಬದಲಾಯಿಸಬೇಕು. ಊರಿನಲ್ಲಿರುವವರಿಗೆ ಒಂದು ಮಾತು: 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ ನಿಷೇಧಿಸಿದೆ, ಪೋಕರ್ ಕೂಡ ಅದರಲ್ಲಿ ಬರುತ್ತದೆ. ಇಲ್ಲಿರುವ ಲೆಕ್ಕವನ್ನೆಲ್ಲ ಬರೀ ಚಿಪ್ಸ್ ಇಟ್ಟುಕೊಂಡು ಕಲಿಯಬಹುದು. ನಾನು ಕಲಿತದ್ದೂ ಅಡುಗೆಮನೆಯ ಮೇಜಿನ ಮೇಲೆ, ಒಂದು ಇಸ್ಪೀಟ್ ಕಟ್ಟು ಮತ್ತು ಹುಣಸೆ ಬೀಜ ಇಟ್ಟುಕೊಂಡು.

ಲಕ್ಷಣ: ಫ್ಲಶ್ ಬರುತ್ತೆ ಅಂತ ಹೋಗಿ ಚಿಪ್ಸ್ ಕರಗುವುದು

ಇದು ಸುಲಭದ ದೋಷ, ಬೇಗ ಮುಗಿಸೋಣ. ಮೇಜಿನ ಮೇಲೆ ಮೂರು ಎಲೆ ಬಿದ್ದಿವೆ. ಪಾಟ್‌ನಲ್ಲಿ, ಅಂದರೆ ಗೆದ್ದವನಿಗೆ ಹೋಗುವ ರಾಶಿಯಲ್ಲಿ, 1200. ಎದುರಿನವನು ಉಳಿದ 800 ಅನ್ನೂ ಹಾಕಿ ಆಲ್-ಇನ್ ಹೋದ. ನಿಮಗೆ ಇಸ್ಪೀಟ್ ಬಣ್ಣದ ಎಲೆ ನಾಲ್ಕಾಗಿದೆ, ಇನ್ನೊಂದು ಬಂದರೆ ಒಂದೇ ಬಣ್ಣದ ಐದು, ಅಂದರೆ ಫ್ಲಶ್. 2000 ಗೆಲ್ಲಲು 800 ಹಾಕಬೇಕು. 800 ಅನ್ನು ಒಟ್ಟು 2800ರಿಂದ ಭಾಗಿಸಿ, 28.6 ಪರ್ಸೆಂಟ್. ಇಷ್ಟು ಸಲ ಗೆದ್ದರೆ ಅಸಲು. ಕಾಣದ ಎಲೆ 47, ಅದರಲ್ಲಿ ಇಸ್ಪೀಟ್ 9. ಎರಡು ಎಲೆ ಬರುವುದಿದೆ, ಫ್ಲಶ್ ಆಗುವುದು ಸುಮಾರು 35 ಪರ್ಸೆಂಟ್. ಇವಿ ಅಂದರೆ 2000ರ ಶೇಕಡ 35, ಅಂದರೆ 700, ಅದರಲ್ಲಿ 800ರ ಶೇಕಡ 65, ಅಂದರೆ 520 ಕಳೆಯಿರಿ. ಪ್ಲಸ್ 180. ಕಾಲ್ ಸರಿ.

ಇದೇ ಅಂಕಿ, ಆದರೆ ಮೇಜಿನ ಮೇಲೆ ಆಗಲೇ ನಾಲ್ಕು ಎಲೆ ಇದೆ ಅಂದುಕೊಳ್ಳಿ. ಬರುವುದು ಒಂದೇ ಎಲೆ. 46ರಲ್ಲಿ 9, ಸುಮಾರು 19.6 ಪರ್ಸೆಂಟ್. ಈಗ ಇವಿ ಮೈನಸ್ 251. ಒಂದೇ ಎಲೆ ವ್ಯತ್ಯಾಸ, 430 ಚಿಪ್ಸ್ ಆಚೀಚೆ.

ತಪ್ಪು ನುಸುಳುವುದು ಇವೆರಡರ ನಡುವೆ. ಎದುರಿನವನು ಆಲ್-ಇನ್ ಆಗಿಲ್ಲ, ಅವನ ಹತ್ತಿರ ಇನ್ನೂ ಚಿಪ್ಸ್ ಇದೆ. ಆಗ ನೀವು 800 ಕೊಟ್ಟು ಕೊಳ್ಳುತ್ತಿರುವುದು ಒಂದೇ ಎಲೆ. ಎರಡನೆಯದಕ್ಕೆ ಅವನು ಮತ್ತೆ ದುಡ್ಡು ಕೇಳುತ್ತಾನೆ. ಆದರೂ ನಾವು 35 ಅಂತಲೇ ಹಿಡಿಯುತ್ತೇವೆ. ಬಾಯಿಪಾಠದ ಸೂತ್ರ ಇದೆ, ನಮಗೆ ಬೇಕಾದ ಎಲೆಗಳ ಸಂಖ್ಯೆಯನ್ನು ಒಂದು ಎಲೆಗೆ ಎರಡರಿಂದ ಗುಣಿಸು, ಎರಡು ಎಲೆಗೆ ನಾಲ್ಕರಿಂದ ಗುಣಿಸು ಅಂತ. ನಾಲ್ಕರಿಂದ ಗುಣಿಸುವ ಮೊದಲು ಎರಡೂ ಎಲೆಗೆ ಬೆಲೆ ಕೊಟ್ಟು ಆಯಿತಾ ಅಂತ ಕೇಳಿಕೊಳ್ಳಿ. ಮೇಲಾಗಿ ಒಂಬತ್ತೂ ಎಲೆ ನಿಮ್ಮವೇ ಅಂತ ಹೇಳಲಾಗದು. ಅವನ ಹತ್ತಿರ ಒಂದೇ ಅಂಕಿಯ ಮೂರು ಎಲೆ ಇದ್ದರೆ, ನಿಮ್ಮ ಫ್ಲಶ್ ಬಂದ ಮೇಲೂ ಅವನು ಅದಕ್ಕಿಂತ ದೊಡ್ಡದಾದ ಫುಲ್ ಹೌಸ್ (ಮೂರು ಒಂದೇ, ಜೊತೆಗೊಂದು ಜೋಡಿ) ಮಾಡಬಹುದು. ಆಗ 35 ಅನ್ನುವುದು 25ರ ಹತ್ತಿರ ಇಳಿಯುತ್ತದೆ.

ಲಕ್ಷಣ: "ಅವನ ಹತ್ತಿರ ಇದೇ ಇದೆ ಅಂತ ನಂಗೆ ಗೊತ್ತಿತ್ತು"

ನೋಟ್‌ಬುಕ್ಕಿನಲ್ಲಿ ಎದುರಿನವನ ಎಲೆ ಅಂತ ಒಂದೇ ಕೈ ಬರೆದಿದ್ದರೆ ಅಲ್ಲೇ ನಿಲ್ಲಿ. ಅವನ ಹತ್ತಿರ ಇರಬಹುದಾದ ಕೈಗಳು ಒಂದು ಗುಂಪು. ಅದನ್ನೇ ರೇಂಜ್ ಅನ್ನುವುದು. ಆ ಗುಂಪನ್ನು ಎಣಿಸಬೇಕು.

ಎಣಿಕೆ ಕಷ್ಟವಿಲ್ಲ. ಯಾವುದೇ ಒಂದು ಜೋಡಿ 6 ರೀತಿಯಲ್ಲಿ ಬರುತ್ತದೆ. ಎಕ್ಕ-ರಾಜದಂಥ ಬೇರೆಬೇರೆ ಎರಡು ಎಲೆ 16 ರೀತಿಯಲ್ಲಿ ಬರುತ್ತದೆ. ನಿಮ್ಮ ಕೈಯಲ್ಲಿ ರಾಣಿ ಜೋಡಿ ಇದೆ. ತುಂಬಾ ಬಿಗಿಯಾಗಿ ಆಡುವವನು ಆಲ್-ಇನ್ ಹೋದ. ಅವನ ಹತ್ತಿರ ಎಕ್ಕ ಜೋಡಿ, ರಾಜ ಜೋಡಿ, ಎಕ್ಕ-ರಾಜ, ಇಷ್ಟೇ ಇರಬಹುದು ಅಂದುಕೊಳ್ಳಿ. 6, 6, 16. ಒಟ್ಟು 28. ಮೊದಲ 12ರ ಎದುರು ನೀವು ಗೆಲ್ಲುವುದು ಸುಮಾರು 18 ಪರ್ಸೆಂಟ್, ಉಳಿದ 16ರ ಎದುರು ಸುಮಾರು 56. ಸರಾಸರಿ 40 ಪರ್ಸೆಂಟ್. ಈಗ ಅದೇ ಗುಂಪಿಗೆ ಗುಲಾಮ ಜೋಡಿ ಮತ್ತು ಹತ್ತರ ಜೋಡಿ ಸೇರಿಸಿ. ಇನ್ನೂ 12 ಕೈ, ಇವುಗಳ ಎದುರು ನೀವು ಸುಮಾರು 81. ಸರಾಸರಿ 52ಕ್ಕೆ ಏರಿತು.

ನಿಮ್ಮ ರಾಣಿಯರು ಅದೇ ರಾಣಿಯರು. ಅವನು ಹತ್ತರ ಜೋಡಿಯಲ್ಲೂ ಹೀಗೆ ನುಗ್ಗುತ್ತಾನಾ ಅನ್ನುವ ಒಂದು ಪ್ರಶ್ನೆಯ ಮೇಲೆ ಉತ್ತರ 12 ಪರ್ಸೆಂಟ್ ತಿರುಗಿತು. ಅದಕ್ಕೇ ಎಲೆ ಬಿಟ್ಟು ಕೂತಿರುವಾಗ ಫೋನ್ ನೋಡಬಾರದು. ಆಗಲೇ ಬೇರೆಯವರು ಏನು ತೋರಿಸುತ್ತಾರೆ ಅನ್ನುವುದನ್ನು ನೋಡಬೇಕು. ಇವಿ ಲೆಕ್ಕಕ್ಕೆ ಬೇಕಾದ ಅಂಕಿ ಅಲ್ಲಿಂದಲೇ ಸಿಗುವುದು.

ಲಕ್ಷಣ: ಚಿಪ್ಸ್ ಕಮ್ಮಿ ಇದ್ದಾಗ ಕಾದು ಕಾದು ಸಾಯುವುದು

ಇದು ತದ್ವಿರುದ್ಧ ದೋಷ. ಒಳ್ಳೆ ಎಲೆ ಬರಲಿ ಅಂತ ಕೂರುವವರಲ್ಲಿ ಜಾಸ್ತಿ. ಕಾಯುವುದಕ್ಕೆ ಬಾಡಿಗೆ ಇದೆ, ಪ್ರತಿ ಸುತ್ತಿಗೂ ಬ್ಲೈಂಡ್ ಹೋಗುತ್ತಲೇ ಇರುತ್ತದೆ.

ನೀವು ಸ್ಮಾಲ್ ಬ್ಲೈಂಡ್. ಬ್ಲೈಂಡ್ 100-200. 100 ಹಾಕಿದ ಮೇಲೆ ಕೈಯಲ್ಲಿ 1900 ಉಳಿದಿದೆ. ಎಲ್ಲರೂ ಬಿಟ್ಟಿದ್ದಾರೆ, ಎದುರಿಗಿರುವುದು ಬಿಗ್ ಬ್ಲೈಂಡ್ ಒಬ್ಬ, ಅವನ ಚಿಪ್ಸ್ ನಿಮಗಿಂತ ಜಾಸ್ತಿ. ನಿಮ್ಮದು ಸಾಧಾರಣ ಕೈ. ಆಲ್-ಇನ್ ಹೋದರೆ 65 ಪರ್ಸೆಂಟ್ ಸಲ ಅವನು ಬಿಡುತ್ತಾನೆ, ಪಾಟ್‌ನ 300 ನಿಮ್ಮದು. 35 ಪರ್ಸೆಂಟ್ ಸಲ ಕಾಲ್ ಮಾಡುತ್ತಾನೆ, ಆಗ ನೀವು ಗೆಲ್ಲುವುದು 40 ಪರ್ಸೆಂಟ್. ಗೆದ್ದರೆ 4000 ಆಗುತ್ತೆ, ಅಂದರೆ 2100 ಲಾಭ. ಸೋತರೆ 1900 ನಷ್ಟ. ಕಾಲ್ ಆದಾಗಿನ ಸರಾಸರಿ ಮೈನಸ್ 300. ಅದನ್ನು 35 ಪರ್ಸೆಂಟ್‌ನಿಂದ ಗುಣಿಸಿದರೆ ಮೈನಸ್ 105. ಅವನು ಬಿಟ್ಟಾಗ ಬರುವುದು 195. ಒಟ್ಟು ಪ್ಲಸ್ 90.

ಗಮನಿಸಿ, ಕಾಲ್ ಆದರೆ ನೀವು ಹಿಂದಿದ್ದೀರಿ. ಆದರೂ ನುಗ್ಗುವುದು ಲಾಭ. ಲಾಭ ಬರುತ್ತಿರುವುದು ಅವನು ಬಿಡುವ ಸಲಗಳಿಂದ. ಹಾಗಾದರೆ ಪರೀಕ್ಷಿಸಬೇಕಾದ ಅಂಕಿ ಅದೇ 65. ಅವನು ಎಲ್ಲದಕ್ಕೂ ಕಾಲ್ ಮಾಡುವವನಾದರೆ, ಬಿಡುವುದು 35ಕ್ಕೆ ಇಳಿಯುತ್ತದೆ. ಜಾಸ್ತಿ ಕೈಗಳಲ್ಲಿ ಕಾಲ್ ಮಾಡುವುದರಿಂದ ನಿಮ್ಮ ಗೆಲುವು 40ರಿಂದ 44ಕ್ಕೆ ಏರಬಹುದು. ಆದರೂ ಒಟ್ಟು ಲಾಭ 14 ಚಿಪ್ಸ್‌ಗೆ ಬಂದು ನಿಲ್ಲುತ್ತದೆ. ಯಾರ ಎದುರು ನುಗ್ಗುತ್ತಿದ್ದೀರಿ ಅನ್ನುವುದು ನಿಮ್ಮ ಎಲೆಯಷ್ಟೇ ಮುಖ್ಯ.

ಮುಖ್ಯ ದೋಷ: ಚಿಪ್ಸ್ ಅನ್ನೇ ದುಡ್ಡು ಅಂದುಕೊಳ್ಳುವುದು

ಈಗ ನನ್ನ ಎಕ್ಕ-ಒಂಬತ್ತಿಗೆ ಬರೋಣ. ಆ ರಾತ್ರಿ ತಲೆಯಲ್ಲಿ ಓಡಿದ ಲೆಕ್ಕ ಇದು: ನಾನು 2300 ಹಾಕಬೇಕು, ಪಾಟ್‌ನಲ್ಲಿ 2700 ಇದೆ. ಒಟ್ಟು 5000. 46 ಪರ್ಸೆಂಟ್ ಗೆದ್ದರೆ ಸಾಕು. ಎಕ್ಕ-ಒಂಬತ್ತು ಆರಾಮಾಗಿ ಅಷ್ಟು ಗೆಲ್ಲುತ್ತೆ. ಚಿಪ್ಸ್ ಲೆಕ್ಕದಲ್ಲಿ ಇದು ಸರಿಯಾಗಿಯೇ ಇದೆ. ಆದರೆ ನಾನು ಮನೆಗೆ ತೆಗೆದುಕೊಂಡು ಹೋಗುವುದು ಚಿಪ್ಸ್ ಅಲ್ಲವಲ್ಲ. ಟೂರ್ನಮೆಂಟ್ ಚಿಪ್ಸ್‌ಗೆ ಕೌಂಟರ್‌ನಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ. ದುಡ್ಡು ಸಿಗುವುದು ಎಷ್ಟನೆಯವನಾಗಿ ಹೊರಗೆ ಬಂದೆ ಅನ್ನುವುದಕ್ಕೆ. ಹತ್ತು ಸಾವಿರ ಚಿಪ್ಸ್ ಪೂರ್ತಿ ಗೆದ್ದವನಿಗೂ ಸಿಗುವುದು 1000 ಡಾಲರ್‌ನಲ್ಲಿ 500 ಮಾತ್ರ.

ಹಾಗಾದರೆ ಚಿಪ್ಸ್ ಅನ್ನು ಡಾಲರ್‌ಗೆ ತಿರುಗಿಸುವುದು ಹೇಗೆ? ಇದಕ್ಕೆ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅನ್ನುವ ಲೆಕ್ಕವಿದೆ. ಇದರ ಬೇರು ಕುದುರೆ ಜೂಜಿನಲ್ಲಿದೆ. ಕುದುರೆಗಳ ಗೆಲ್ಲುವ ಸಾಧ್ಯತೆ ಗೊತ್ತಿದ್ದರೆ ಎರಡನೇ, ಮೂರನೇ ಸ್ಥಾನದ ಸಾಧ್ಯತೆ ಕಂಡುಹಿಡಿಯುವ ದಾರಿಯನ್ನು ಡೇವಿಡ್ ಹಾರ್ವಿಲ್ 1973ರಲ್ಲಿ ಬರೆದರು. ಅದನ್ನು 1987ರಲ್ಲಿ ಮೇಸನ್ ಮಾಲ್ಮತ್ ಪೋಕರ್‌ಗೆ ತಂದರು. ವಿಚಾರ ಸರಳ. ಮೊದಲ ಸ್ಥಾನದ ಸಾಧ್ಯತೆ ಅಂದರೆ ಚಿಪ್ಸ್‌ನಲ್ಲಿ ನಿಮ್ಮ ಪಾಲು. ಮೊದಲು ಬಂದವನನ್ನು ಪಕ್ಕಕ್ಕಿಟ್ಟು, ಉಳಿದವರಲ್ಲಿ ಮತ್ತೆ ಪಾಲು ನೋಡಿದರೆ ಎರಡನೇ ಸ್ಥಾನ. ಹೀಗೇ ಕೆಳಗೆ.

ಕಾಲ್ ಮಾಡಿ ಗೆದ್ದೆ ಅಂತ ಇಟ್ಟುಕೊಳ್ಳೋಣ. ನನಗೆ 5000, ಉಳಿದ ಇಬ್ಬರಿಗೆ 2500, 2500. ನಾನು ಮೊದಲು ಬರುವುದು 1/2. ಇನ್ನೊಬ್ಬ ಮೊದಲು ಬರುವುದು 1/4, ಆಗ ಉಳಿದ 7500ರಲ್ಲಿ ನನ್ನದು 5000, ಅಂದರೆ 2/3. ಗುಣಿಸಿದರೆ 1/6. ಅಂಥವರು ಇಬ್ಬರು, ಹಾಗಾಗಿ ನಾನು ಎರಡನೆಯವನಾಗುವುದು 1/3. ಮೂರನೆಯವನಾಗುವುದು ಉಳಿದ 1/6. ದುಡ್ಡು: 250, 100, 33. ಒಟ್ಟು 383 ಡಾಲರ್.

ಇಲ್ಲಿ ನಿಂತು ನೋಡಿ. ಕೈ ಶುರುವಾಗುವ ಮೊದಲು ನಾಲ್ವರದ್ದೂ ಸಮಾನ ಚಿಪ್ಸ್, ತಲಾ 250 ಡಾಲರ್. ಚಿಪ್ಸ್ ಎರಡು ಪಟ್ಟು ಆಯಿತು. ದುಡ್ಡು 250ರಿಂದ 383 ಆಯಿತು, 500 ಆಗಲಿಲ್ಲ. ಸೋತವನು 250 ಪೂರ್ತಿ ಕಳೆದುಕೊಂಡ, ನನಗೆ ಬಂದದ್ದು 133 ಮಾತ್ರ. ಉಳಿದ 117 ಎಲ್ಲಿ ಹೋಯಿತು? ಎಲೆ ಬಿಟ್ಟು ಸುಮ್ನೆ ಕೂತಿದ್ದ ಇಬ್ಬರ ಜೇಬಿಗೆ, ತಲಾ 58 ಡಾಲರ್. ಒಬ್ಬ ನೀರಿನ ಬಾಟಲಿ ತೆರೆಯುತ್ತಿದ್ದ, ಇನ್ನೊಬ್ಬ ಗಡಿಯಾರ ನೋಡುತ್ತಿದ್ದ. ಅವರಿಬ್ಬರಿಗೂ ನಾವೇ ದುಡ್ಡು ಹಂಚಿದೆವು.

ಈಗ ಎಲೆ ಬಿಟ್ಟರೆ ಏನಾಗುತ್ತಿತ್ತು? ನನಗೆ 2300, ನುಗ್ಗಿದವನಿಗೆ 2700, ಉಳಿದವರಿಗೆ 2500. ಇದನ್ನೂ ಅದೇ ರೀತಿ ಲೆಕ್ಕ ಹಾಕಿದರೆ ನನ್ನ ಪಾಲು ಸುಮಾರು 237 ಡಾಲರ್. ರಮ್ಮಿಯ ಡ್ರಾಪ್ ನೆನಪಾಯಿತಾ? ಎಲೆ ಬಿಡುವ ದಾರಿಗೆ ನಾನು ಸೊನ್ನೆ ಹಾಕಿದ್ದೆ. ಅಲ್ಲಿ 237 ಡಾಲರ್ ಇತ್ತು.

ಕಾಲ್ ಸರಿ ಆಗಬೇಕಾದರೆ 383ಕ್ಕೆ ನನ್ನ ಗೆಲುವಿನ ಸಾಧ್ಯತೆ ಗುಣಿಸಿದಾಗ 237 ದಾಟಬೇಕು. ಸುಮಾರು 62 ಪರ್ಸೆಂಟ್. 46 ಅಲ್ಲ, 62. ಎಕ್ಕ-ಒಂಬತ್ತು, ಬೇರೆಬೇರೆ ಬಣ್ಣದ್ದು, ಕಣ್ಣು ಮುಚ್ಚಿ ಎತ್ತಿದ ಯಾವುದೋ ಎರಡು ಎಲೆಯ ಎದುರು ಗೆಲ್ಲುವುದು ಸುಮಾರು 61. ಅವನು ಎಲೆಯನ್ನೇ ನೋಡದೆ ನುಗ್ಗಿದ್ದರೂ ನನ್ನ ಕಾಲ್ ಕೂದಲೆಳೆಯಲ್ಲಿ ತಪ್ಪು. ನೋಡಿ, ಆರಿಸಿ ನುಗ್ಗಿದ್ದರೆ ನನ್ನ ಗೆಲುವು 55 ಅಂತ ಇಟ್ಟುಕೊಳ್ಳಿ, ಆಗ ಕಾಲ್‌ನ ಬೆಲೆ 211 ಡಾಲರ್. 26 ಡಾಲರ್ ಅಲ್ಲೇ ಹೋಯಿತು. ಪ್ರವೇಶಕ್ಕೆ ಕೊಟ್ಟ ನೂರರಲ್ಲಿ ಕಾಲು ಭಾಗ, ಎರಡು ಸೆಕೆಂಡಿನಲ್ಲಿ.

ಇನ್ನೂ ಒಂದು ಮಾತು, ಇದು ನನಗೆ ನಿದ್ದೆ ಕೆಡಿಸಿದ್ದು. ಅವನ ರಾಜ-ಗುಲಾಮದ ಎದುರು ನನ್ನ ಗೆಲುವು ಸುಮಾರು 57. ಅವನು ಎಲೆಗಳನ್ನು ಮೇಜಿನ ಮೇಲೆ ತೆರೆದಿಟ್ಟು, "ನೋಡು, ನೀನು ಮುಂದಿದ್ದೀಯ" ಅಂತ ಹೇಳಿ ಆಲ್-ಇನ್ ಹೋಗಿದ್ದರೂ ನಾನು ಬಿಡಬೇಕಿತ್ತು.

ಉಳಿದ ಆಟವನ್ನು ಹೇಗೆ ಪಾಲು ಮಾಡುವುದು ಅನ್ನುವ ಈ ಪ್ರಶ್ನೆ ಹಳೆಯದು. 1654ರಲ್ಲಿ ಫ್ರಾನ್ಸಿನಲ್ಲಿ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ ಇದನ್ನೇ ಪತ್ರಗಳಲ್ಲಿ ಚರ್ಚೆ ಮಾಡಿದರು. ಇಬ್ಬರು ತಲಾ 32 ನಾಣ್ಯ ಇಟ್ಟಿದ್ದಾರೆ, ಮೊದಲು ಮೂರು ಆಟ ಗೆದ್ದವನಿಗೆ ಎಲ್ಲ 64. ಒಬ್ಬ ಎರಡು, ಇನ್ನೊಬ್ಬ ಒಂದು ಗೆದ್ದಾಗ ಆಟ ನಿಂತಿತು. ಪ್ಯಾಸ್ಕಲ್ ಹೇಳಿದ್ದು: ಇನ್ನೊಂದು ಆಟ ಆಡಿದ್ದರೆ ಮುಂದಿರುವವನಿಗೆ 64 ಇಲ್ಲವೇ 32, ಹಾಗಾಗಿ ಅವನ ಪಾಲು 48, ಇನ್ನೊಬ್ಬನದು 16. ಇವಿ ಹುಟ್ಟಿದ್ದೇ ಮುಗಿಯದ ಆಟದ ಬೆಲೆ ಕಟ್ಟಲು. ಬಬಲ್‌ನಲ್ಲಿ ಎಲೆ ಬಿಡುವವನೂ ಅದನ್ನೇ ಮಾಡುತ್ತಿದ್ದಾನೆ.

ಸರಿಪಡಿಸುವುದು

ಮೇಜಿನಲ್ಲಿ ಕೂತು ಈ ಭಿನ್ನರಾಶಿಗಳನ್ನು ಗುಣಿಸಲು ಆಗುವುದಿಲ್ಲ. ಮನೆಯಲ್ಲೇ ನಾಲ್ಕೈದು ಸಂದರ್ಭಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕ ಹಾಕಿ, ಬರುವ ಅಂಕಿಯನ್ನು ಬಾಯಿಪಾಠ ಮಾಡಿ. ನಾಲ್ವರೂ ಸಮಾನ, ಮೂವರಿಗೆ 500-300-200, ಕಾಲ್‌ಗೆ 62 ಬೇಕು. ಇದು ಒಂದು. ಒಬ್ಬನ ಹತ್ತಿರ ಮಾತ್ರ ತುಂಬಾ ಕಮ್ಮಿ ಚಿಪ್ಸ್ ಇದ್ದಾಗ ಎಷ್ಟು ಬೇಕು, ನನ್ನದೇ ಎಲ್ಲಕ್ಕಿಂತ ಜಾಸ್ತಿ ಇದ್ದಾಗ ಎಷ್ಟು, ಇವನ್ನು ನೀವೇ ಹಾಕಿ ನೋಡಿ. ಕೈಯಾರೆ ಹಾಕಿದ ಲೆಕ್ಕ ಮೇಜಿನಲ್ಲಿ ನೆನಪಿಗೆ ಬರುತ್ತದೆ, ಓದಿದ್ದು ಬರುವುದಿಲ್ಲ.

ಇನ್ನೊಂದು ರಿಪೇರಿ, ನುಗ್ಗುವವನ ಜಾಗಕ್ಕೆ ಹೋಗುವುದು. ಕಾಲ್ ಮಾಡಲು 62 ಬೇಕಾದರೆ, ಲೆಕ್ಕ ಗೊತ್ತಿರುವವನು ತುಂಬಾ ಕೈಗಳನ್ನು ಬಿಡುತ್ತಾನೆ. ಹಾಗಾಗಿ ಮೊದಲು ನುಗ್ಗುವವನಿಗೆ ಬಬಲ್ ಒಳ್ಳೆಯ ಜಾಗ. ನನ್ನ ಎದುರಿನವನು ರಾಜ-ಗುಲಾಮದಲ್ಲಿ ನುಗ್ಗಿದ್ದು ತಪ್ಪಾಗಿರಲಿಲ್ಲ. ತಪ್ಪು ಮಾಡಿದ್ದು ನಾನು, ಅದರ ಪೆಟ್ಟು ಇಬ್ಬರಿಗೂ ಬೀಳುವುದಿತ್ತು. ಕೊನೆಯ ಎಲೆಯಿಂದ ಅವನು ಉಳಿದ. ಬೇರೆಯವರು ಲೆಕ್ಕ ಬಿಟ್ಟು ಕಾಲ್ ಮಾಡುತ್ತಾರೆ ಅಂತ ಕಂಡರೆ ನೀವೂ ನುಗ್ಗುವುದನ್ನು ಕಮ್ಮಿ ಮಾಡಿ.

ರಿಪೇರಿ ಜಾಸ್ತಿ ಆಗಿಬಿಡುವುದೂ ಉಂಟು. ಐಸಿಎಂ ಕಲಿತ ಹೊಸದರಲ್ಲಿ ನಾನು ಎಲ್ಲೆಲ್ಲೂ ಹೆದರತೊಡಗಿದೆ. ಟೂರ್ನಮೆಂಟ್ ಶುರುವಿನಲ್ಲಿ, ಬಹುಮಾನ ಇನ್ನೂ ದೂರ ಇರುವಾಗ, ಚಿಪ್ಸ್ ಲೆಕ್ಕಕ್ಕೂ ದುಡ್ಡಿನ ಲೆಕ್ಕಕ್ಕೂ ವ್ಯತ್ಯಾಸ ತೀರಾ ಕಮ್ಮಿ. ಇಬ್ಬರೇ ಉಳಿದಾಗ ವ್ಯತ್ಯಾಸವೇ ಇಲ್ಲ, ಎರಡನೇ ಬಹುಮಾನ ಇಬ್ಬರಿಗೂ ಗ್ಯಾರಂಟಿ, ಉಳಿದ ದುಡ್ಡಿಗೆ ಚಿಪ್ಸ್ ಪಾಲೇ ಪಾಲು. ಆಗ ಧೈರ್ಯವಾಗಿ ಚಿಪ್ಸ್ ಇವಿ ನೋಡಿ. ಇದರ ಇನ್ನೊಂದು ತುದಿ ಸ್ಯಾಟಲೈಟ್. ಅಲ್ಲಿ ಬಹುಮಾನ ದೊಡ್ಡ ಟೂರ್ನಮೆಂಟಿನ ಟಿಕೆಟ್. 2003ರಲ್ಲಿ ಕ್ರಿಸ್ ಮನಿಮೇಕರ್ 86 ಡಾಲರ್‌ನ ಆನ್‌ಲೈನ್ ಸ್ಯಾಟಲೈಟ್ ಮೂಲಕ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಇವೆಂಟ್‌ಗೆ ಬಂದು, 839 ಜನರಲ್ಲಿ ಮೊದಲಿಗರಾಗಿ 25 ಲಕ್ಷ ಡಾಲರ್ ಗೆದ್ದರು. ಹತ್ತು ಟಿಕೆಟ್ ಇದ್ದು ಹನ್ನೊಂದು ಜನ ಉಳಿದಿದ್ದಾರೆ, ನಿಮ್ಮ ಹತ್ತಿರ ಬೇಕಾದಷ್ಟು ಚಿಪ್ಸ್ ಇದೆ ಅಂದುಕೊಳ್ಳಿ. ಮೊದಲನೆಯವನಿಗೂ ಹತ್ತನೆಯವನಿಗೂ ಅದೇ ಟಿಕೆಟ್. ನಿಮ್ಮಷ್ಟೇ ಚಿಪ್ಸ್ ಇರುವವನು ಆಲ್-ಇನ್ ಹೋದರೆ ಎಕ್ಕ ಜೋಡಿಯನ್ನೂ ಬಿಡಬೇಕು. ಬಿಟ್ಟರೆ ಟಿಕೆಟ್ ಹೆಚ್ಚುಕಮ್ಮಿ ಕೈಯಲ್ಲಿದೆ, ಕಾಲ್ ಮಾಡಿದರೆ ಸುಮಾರು ಐದರಲ್ಲಿ ಒಂದು ಸಲ ಹೋಗುತ್ತೆ.

ಐಸಿಎಂಗೂ ಕಾಣದ್ದಿದೆ. ಮುಂದಿನ ಕೈಯಲ್ಲಿ ಬ್ಲೈಂಡ್ ಯಾರ ಮೇಲೆ ಬೀಳುತ್ತೆ, ಯಾರು ಚೆನ್ನಾಗಿ ಆಡುತ್ತಾರೆ, ಇದು ಅದಕ್ಕೆ ಗೊತ್ತಿಲ್ಲ. 61ಕ್ಕೂ 62ಕ್ಕೂ ನಡುವೆ ಸಿಕ್ಕಿಕೊಂಡರೆ ಇವುಗಳಿಂದ ತೀರ್ಮಾನ ಮಾಡಿ. 46ಕ್ಕೂ 62ಕ್ಕೂ ನಡುವೆ ಇವುಗಳ ಮಾತು ನಡೆಯುವುದಿಲ್ಲ.

ಮತ್ತೆ ಓಡಿಸಿ ನೋಡುವುದು

ಕೆಲವು ತಿಂಗಳ ನಂತರ ಹೆಚ್ಚುಕಮ್ಮಿ ಅದೇ ಸಂದರ್ಭ ಬಂತು. ನಾಲ್ವರು, ಮೂವರಿಗೆ ದುಡ್ಡು, ನಾನು ಬಿಗ್ ಬ್ಲೈಂಡ್. ಸ್ಮಾಲ್ ಬ್ಲೈಂಡ್ ನುಗ್ಗಿದ. ಮೂಲೆ ಎತ್ತಿದೆ, ಎಕ್ಕ-ಎಂಟು. ಕೈ ಚಿಪ್ಸ್ ಕಡೆ ಹೋಯಿತು. 62 ಅಂತ ಮನಸ್ಸಿನಲ್ಲೇ ಹೇಳಿಕೊಂಡು ಎಲೆ ಬಿಟ್ಟೆ. ಅವನು ತನ್ನ ಎಲೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಹನ್ನೆರಡು ಕೈ ಆದ ಮೇಲೆ ನನಗೆ ರಾಜ ಜೋಡಿ ಬಂತು, ಅದೇ ಆಟಗಾರ ಮತ್ತೆ ನುಗ್ಗಿದ, ಕಾಲ್ ಮಾಡಿದೆ. ಅವನದು ಎಕ್ಕ-ಹತ್ತು. ಮೊದಲ ಮೂರರಲ್ಲೇ ಎಕ್ಕ ಬಿತ್ತು. ನಾಲ್ಕನೆಯವನಾಗಿ ಎದ್ದೆ.

ಕಾರಿನಲ್ಲಿ ಕೂತು ಲೈಟ್ ಹಾಕಿ ಎರಡೂ ಕೈ ಬರೆದೆ. ಕೊನೆಯ ಸಾಲನ್ನು ಅಂಗೈಯಿಂದ ಮುಚ್ಚಿ ಓದಿದೆ. ಎರಡರ ಮುಂದೆಯೂ ಟಿಕ್ ಹಾಕಿ ಮನೆ ಕಡೆ ಹೊರಟೆ.